ಟೈಪ್ ಮಾಡಿದ ಪ್ರಬಂಧ ಮುಗಿಯುತ್ತೆ, ಕೈಯಲ್ಲಿ ಬರೆದದ್ದು ಯಾಕೆ ಮುಗಿಯಲ್ಲ?

ಪ್ರಶ್ನೆ: ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ. ಇಂಗ್ಲಿಷ್ ಅಂತಿಮ ಪರೀಕ್ಷೆಗೆ ಇನ್ನು ಆರು ವಾರ ಇದೆ. ವರ್ಷವಿಡೀ ಪ್ರಬಂಧಗಳನ್ನು ಲ್ಯಾಪ್‌ಟಾಪ್‌ನಲ್ಲೇ ಬರೆದೆ, ಅಂಕವೂ ಚೆನ್ನಾಗಿ ಬಂತು. ಮೊನ್ನೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ಅರ್ಧ ಗಂಟೆಗೇ ಕೈ ಸೋತುಹೋಯಿತು. ಎರಡನೇ ಪ್ರಬಂಧ ಅರ್ಧಕ್ಕೇ ನಿಂತಿತು. ಇನ್ನು ಮೇಲೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾ? ಹಾಗೆ ಮಾಡಿದರೆ ಓದೋದು ಯಾವಾಗ?

ಉತ್ತರ: ಎಲ್ಲವನ್ನೂ ಬೇಡ. ಮೊದಲು ತೊಂದರೆ ಕೈಯದ್ದೋ ತಲೆಯದ್ದೋ ನೋಡಿಕೊಳ್ಳಿ.

ನೀವೇ ಟೈಪ್ ಮಾಡಿದ ಒಂದು ಹಳೆಯ ಪ್ರಬಂಧ ತೆಗೆದುಕೊಂಡು ಹತ್ತು ನಿಮಿಷ ಸುಮ್ನೆ ನೋಡಿ ಬರೆಯಿರಿ. ಎಷ್ಟು ಪದ ಆಯಿತು ಅಂತ ಎಣಿಸಿ. ಮರುದಿನ ಹೊಸ ಪ್ರಶ್ನೆ ಇಟ್ಟುಕೊಂಡು ಅದೇ ಹತ್ತು ನಿಮಿಷ ಬರೆಯಿರಿ. ನೋಡಿ ಬರೆದಾಗ 200 ಪದ, ಯೋಚಿಸಿ ಬರೆದಾಗ 90 ಪದ ಬಂದರೆ ನಿಮ್ಮ ಕೈಗೆ ಏನೂ ಆಗಿಲ್ಲ. ಪೆನ್ನು ನಿಂತು ಕಾಯುತ್ತಿದೆ, ಅಷ್ಟೇ. ಎರಡೂ ಕಡಿಮೆ ಬಂದರೆ ಮಾತ್ರ ಕೈಗೆ ಅಭ್ಯಾಸ ತಪ್ಪಿದೆ ಅನ್ನಬಹುದು.

ಟೈಪ್ ಮಾಡುವವರಲ್ಲಿ ನಾನು ಹೆಚ್ಚಾಗಿ ನೋಡಿರುವುದು ಮೊದಲನೆಯದನ್ನೇ. ಲ್ಯಾಪ್‌ಟಾಪ್‌ನಲ್ಲಿ ಮೊದಲು ಬರೆದು ಆಮೇಲೆ ಯೋಚಿಸಬಹುದು. ಮೂರನೇ ಪ್ಯಾರಾ ಚೆನ್ನಾಗಿದ್ದರೆ ಅದನ್ನು ಎತ್ತಿ ಮೇಲಿಡಬಹುದು. ವಾಕ್ಯ ಎಲ್ಲೋ ಹೋಗಿ ಸಿಕ್ಕಿಹಾಕಿಕೊಂಡರೆ ಅಳಿಸಬಹುದು. ಕಾಗದದಲ್ಲಿ ಇದ್ಯಾವುದೂ ಆಗಲ್ಲ. ವಾಕ್ಯ ಶುರು ಮಾಡುವ ಮೊದಲೇ ಅದು ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರಬೇಕು. ನೀವು ವರ್ಷವಿಡೀ ಅಭ್ಯಾಸ ಮಾಡದೇ ಇದ್ದದ್ದು ಇದನ್ನೇ.

ಆದ್ದರಿಂದ ದಿನಾ ಪೂರ್ತಿ ಪ್ರಬಂಧ ಬರೆದು ಕೈ ನೋಯಿಸಿಕೊಳ್ಳಬೇಡಿ. ದಿನಕ್ಕೆ ಒಂದು ಹೊಸ ಪ್ರಶ್ನೆ ಸಾಕು. ಐದು ನಿಮಿಷದಲ್ಲಿ ಕಾಗದದ ಮೇಲೆ ಯೋಜನೆ ಹಾಕಿ. ನಿಮ್ಮ ವಾದವನ್ನು ಒಂದು ವಾಕ್ಯದಲ್ಲಿ ಬರೆದು, ಪ್ರತಿ ಪ್ಯಾರಾದ ಮೊದಲ ಸಾಲನ್ನೂ ಬರೆಯಿರಿ. ಆಮೇಲೆ ಒಂದೇ ಒಂದು ಪ್ಯಾರಾವನ್ನು ಹತ್ತು ನಿಮಿಷದಲ್ಲಿ ಪೂರ್ತಿ ಬರೆಯಿರಿ. ದಿನಾ ಪೀಠಿಕೆಯನ್ನೇ ಬರೆಯಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅದಕ್ಕೇ ಎಲ್ಲರ ಪೀಠಿಕೆ ಥಳಥಳ ಅನ್ನುತ್ತೆ, ಕೊನೆಯ ಪ್ಯಾರಾ ಮಾತ್ರ ಓಡುತ್ತಾ ಬರೆದ ಹಾಗಿರುತ್ತೆ. ಒಂದು ದಿನ ನಡುವಿನ ಪ್ಯಾರಾ, ಇನ್ನೊಂದು ದಿನ ಕೊನೆಯದು ಬರೆಯಿರಿ.

ಪೂರ್ತಿ ಪ್ರಬಂಧ ವಾರಕ್ಕೆ ಒಂದು, ಗಡಿಯಾರ ಮುಂದಿಟ್ಟುಕೊಂಡು. ಕೊನೆಯ ಎರಡು ವಾರ ಮಾತ್ರ ಎರಡು ಪ್ರಬಂಧ ಬೆನ್ನು ಬೆನ್ನಿಗೆ ಬರೆಯಿರಿ. ಸುಸ್ತು ಕಾಣಿಸೋದೇ ಎರಡನೆಯದರಲ್ಲಿ ಅಲ್ವಾ?

ಇನ್ನು ಲೆಕ್ಕ. ಒಂದು ಪ್ರಬಂಧಕ್ಕೆ 40 ನಿಮಿಷ ಇದೆ ಅಂದುಕೊಳ್ಳಿ. ಯೋಜನೆಗೆ 5, ಕೊನೆಗೆ ಓದಿ ತಿದ್ದಲು 3 ಹೋದರೆ ಉಳಿಯುವುದು 32. ಯೋಚಿಸುತ್ತಾ ನಿಮಿಷಕ್ಕೆ 12 ಪದ ಬರೆದರೆ 384 ಪದ. ನೀವು ಟೈಪ್ ಮಾಡಿ ಅಂಕ ತಗೊಂಡ ಪ್ರಬಂಧ 800 ಪದದ್ದಾಗಿದ್ದರೆ ಅದನ್ನು ಕೈಯಲ್ಲಿ ಬರೆಯಲು ಹೊರಟದ್ದೇ ತಪ್ಪು. ಅದರಲ್ಲಿ ಐದು ಅಂಶ ಇದ್ದರೆ ಎರಡು ಮೂರನ್ನು ಬಿಡಬೇಕು. ಯಾವುದನ್ನು ಬಿಡಬೇಕು ಅನ್ನುವುದನ್ನು ಮನೆಯಲ್ಲೇ ಕಲಿಯಿರಿ, ಪರೀಕ್ಷಾ ಕೋಣೆಯಲ್ಲಿ ಅದಕ್ಕೆ ಮನಸ್ಸು ಬರಲ್ಲ. ನಿಮ್ಮ ಅಕ್ಷರದಲ್ಲಿ ಒಂದು ಪುಟಕ್ಕೆ ಎಷ್ಟು ಪದ ಹಿಡಿಯುತ್ತೆ ಅಂತಲೂ ಒಮ್ಮೆ ಎಣಿಸಿಡಿ. ಪರೀಕ್ಷೆಯ ದಿನ ಪದ ಎಣಿಸುತ್ತಾ ಕೂರುವುದು ತಪ್ಪುತ್ತೆ.

ಸ್ಪೆಲಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಷ್ಟು ದಿನ ತಪ್ಪುಗಳನ್ನು ಲ್ಯಾಪ್‌ಟಾಪ್ ಸದ್ದಿಲ್ಲದೆ ತಿದ್ದಿದೆ. ಈಗ ಅವೆಲ್ಲ ಹೊರಬರುತ್ತವೆ: 'ಗವರ್ನಮೆಂಟ್' ನಡುವಿನ ಎನ್ ಕಾಣೆ, 'ಸೆಪರೇಟ್'ನಲ್ಲಿ ಎ ಬದಲು ಇ. ವಾರದ ಪ್ರಬಂಧವನ್ನು ಕಾಗದದಲ್ಲಿ ಹೇಗಿದೆಯೋ ಹಾಗೇ, ತಪ್ಪು ಸಮೇತ ಟೈಪ್ ಮಾಡಿ. ತಾನಾಗಿ ತಿದ್ದುವುದನ್ನು ಮಾತ್ರ ಮೊದಲೇ ಆಫ್ ಮಾಡಿಡಿ. ಕೆಂಪು ಗೆರೆ ಬಿದ್ದ ಪದಗಳೇ ನಿಮ್ಮ ಪಟ್ಟಿ. ಪುಸ್ತಕದಲ್ಲಿ ಸಿಗುವ ನೂರು ಕಠಿಣ ಪದಗಳಿಗಿಂತ ಈ ಹದಿನೈದು ಪದ ಜಾಸ್ತಿ ಉಪಯೋಗಕ್ಕೆ ಬರುತ್ತವೆ. 'ಎ', 'ದಿ' ಬಿಟ್ಟುಹೋಗಿದೆಯಾ ಅಂತ ಮಾತ್ರ ಬೇರೆಯಾಗಿ ಒಮ್ಮೆ ಓದಿ ನೋಡಿ. ಕನ್ನಡದಲ್ಲಿ ಅವು ಇಲ್ಲದ ಕಾರಣ ಬಿಟ್ಟಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕೈ ನೋವಿಗೆ: ಬರೆದ ಹಾಳೆಯನ್ನು ತಿರುಗಿಸಿ ಹಿಂಭಾಗ ಸವರಿ ನೋಡಿ. ಅಕ್ಷರಗಳು ಉಬ್ಬಿ ಬೆರಳಿಗೆ ತಾಗಿದರೆ ಜಾಸ್ತಿ ಒತ್ತುತ್ತಿದ್ದೀರಿ. ಬಾಲ್ ಪೆನ್ನಿಗಿಂತ ಜೆಲ್ ಪೆನ್ನಿಗೆ ಕಡಿಮೆ ಒತ್ತಡ ಸಾಕು. ಯಾವುದನ್ನೇ ಹಿಡಿಯಿರಿ, ಪರೀಕ್ಷೆಗೂ ಅದೇ ಇರಲಿ. ತಪ್ಪಾದರೆ ಒಂದೇ ಗೆರೆ ಎಳೆದು ಮುಂದೆ ಹೋಗಿ. ಪ್ಯಾರಾಗಳ ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಆಮೇಲೆ ವಾಕ್ಯ ಸೇರಿಸಲು ಜಾಗ ಇರುತ್ತೆ. ಇಷ್ಟಾದ ಮೇಲೂ ಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ, ಹೆಚ್ಚುವರಿ ಸಮಯ ಸಿಗುತ್ತದೆಯೇ ಅಂತ ಶಾಲೆಯಲ್ಲಿ ಈಗಲೇ ಕೇಳಿ.

ಅಂದ ಹಾಗೆ, ಕೈಯಲ್ಲಿ ಬರೆದರೆ ತಲೆಗೆ ಚೆನ್ನಾಗಿ ಹತ್ತುತ್ತೆ ಅಂತ ಹೇಳುವವರು 2014ರ ಅಮೆರಿಕದ ಒಂದು ಅಧ್ಯಯನ ತೋರಿಸುತ್ತಾರೆ. ಅದು ಪಾಠ ಕೇಳುತ್ತಾ ನೋಟ್ಸ್ ಮಾಡಿಕೊಳ್ಳುವ ಬಗ್ಗೆ. 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ನಾನು ಪೆನ್ನು ಹಿಡಿಯಿರಿ ಅನ್ನುವುದು ಪರೀಕ್ಷೆ ಕಾಗದದ ಮೇಲಿದೆ ಅನ್ನುವ ಒಂದೇ ಕಾರಣಕ್ಕೆ. ಓದು, ಟಿಪ್ಪಣಿ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ಇರಲಿ, ಅಡ್ಡಿಯಿಲ್ಲ.

ಪ್ರಶ್ನೆ: ನನ್ನ ಮಗಳು ಮಾದರಿ ಪ್ರಬಂಧಗಳನ್ನು ದಿನಾ ಎರಡು ಮೂರು ಸಲ ನೋಡಿ ಬರೆಯುತ್ತಾಳೆ. ಅಕ್ಷರ ದುಂಡಗಾಗಿದೆ, ಅಂಕ ಮಾತ್ರ ಏರಿಲ್ಲ. ಇನ್ನೂ ಜಾಸ್ತಿ ಬರೆಸಬೇಕೇ?

ಉತ್ತರ: ಬೇಡ, ಬರೆಸುವುದನ್ನು ಕಡಿಮೆ ಮಾಡಿ. ನೋಡಿ ಬರೆಯುವಾಗ ಕೆಲಸ ಮಾಡುವುದು ಕೈ ಮಾತ್ರ. ಅಕ್ಷರ ಓದುವ ಹಾಗಿದ್ದರೆ ಸಾಕು, ಅದಕ್ಕಿಂತ ಅಂದ ಮಾಡಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಮಾದರಿಯನ್ನು ಒಮ್ಮೆ ಓದಲಿ, ಮುಚ್ಚಿಡಲಿ, ಆಮೇಲೆ ಪ್ರಶ್ನೆಯಲ್ಲಿ ಒಂದು ಪದ ಬದಲಿಸಿ ಕೊಡಿ. 'ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆಯೇ' ಅಂತಿದ್ದರೆ 'ಯಾವಾಗ ಕೆಡಿಸುತ್ತದೆ' ಅಂತ ಮಾಡಿ. ಉದಾಹರಣೆಗಳು ಅವೇ ಇರಬಹುದು, ಆದರೆ ಪ್ರಬಂಧ ಬೇರೆಯೇ ಆಗಬೇಕು. ಮೊದಲ ಎರಡು ದಿನ ಅವಳು ಅರ್ಧ ಪುಟ ಕೂಡ ಬರೆಯದೆ ಸಿಡಿಮಿಡಿ ಅನ್ನಬಹುದು. ಆಗ ಮಾದರಿ ಪುಸ್ತಕ ವಾಪಸ್ ಕೊಡಬೇಡಿ.