‘ಪೂರ್ತಿ ರಿಸ್ಟೋರ್ ಆಗಿದೆ’ ಎಂದು ಮಾರಾಟಕ್ಕಿಟ್ಟಿರುವ 1971ರ ಎಂಜಿಬಿ ರೋಡ್‌ಸ್ಟರ್ ತಗೊಳ್ಳಬಹುದಾ?

ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೀರಿ, ಮನೆ ಹತ್ತಿರವೇ ಹಸಿರು ಬಣ್ಣದ, ತಂತಿ ಚಕ್ರದ ಎಂಜಿಬಿ (ಎಂಜಿ ಕಂಪನಿಯ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ, ‘ಪೂರ್ತಿ ರಿಸ್ಟೋರ್ ಆಗಿದೆ, ಎಂಒಟಿ ಬೇಕಿಲ್ಲ, ರೋಡ್ ಟ್ಯಾಕ್ಸ್ ಇಲ್ಲ’ ಎಂದು ಜಾಹೀರಾತಿನಲ್ಲಿದೆ ಅಂದಿದ್ದೀರಿ. (ಎಂಒಟಿ ಅಂದರೆ ಇಲ್ಲಿ ಗಾಡಿಗಳಿಗೆ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ.) ನಾನು ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇನೆ, ಅದೇ ಕಾಲದ ಎಂಜಿಬಿ ಒಂದನ್ನು ಇಟ್ಟುಕೊಂಡಿದ್ದೇನೆ. ಖಂಡಿತ ತಗೊಳ್ಳಿ. ಆದರೆ ಪೇಂಟ್ ನೋಡಿ ದುಡ್ಡು ಕೊಡಬೇಡಿ, ಸಿಲ್ ನೋಡಿ ಕೊಡಿ.

ಸಿಲ್ ಅಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೆಟ್ಟಿಗೆಯಂಥ ಭಾಗ. ಹಿಂದಿನ ಮಾಡೆಲ್ ಎಂಜಿಎಗೆ ಬೇರೆ ಚಾಸಿ ಇತ್ತು. 1962ರಲ್ಲಿ ಬಂದ ಎಂಜಿಬಿಗೆ ಅದಿಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಚಾವಣಿಯೂ ಇಲ್ಲದ್ದರಿಂದ ಗಾಡಿ ನಡುವೆ ಬಗ್ಗದಂತೆ ಹಿಡಿದಿರುವುದು ಬಹುಪಾಲು ಈ ಎರಡು ಸಿಲ್‌ಗಳೇ. ಅದೂ ಒಂದೇ ತಗಡಲ್ಲ: ಹೊರಗೊಂದು, ಒಳಗೊಂದು, ನಡುವೆ ಇನ್ನೊಂದು, ತಳದಲ್ಲಿ ‘ಕ್ಯಾಸಲ್ ರೈಲ್’ ಎನ್ನುವ ಪಟ್ಟಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ನೀರಿನ ಜೊತೆ ಒಳಗೆ ಸೇರಿ ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಇದನ್ನು ಸರಿಯಾಗಿ ರಿಪೇರಿ ಮಾಡಬೇಕೆಂದರೆ ಹಿಂದಿನ ಮಡ್‌ಗಾರ್ಡಿನ ಕೆಳಭಾಗ ಕತ್ತರಿಸಬೇಕು, ಬಾಡಿ ಬಾಗದಂತೆ ಒಳಗೆ ಆನಿಕೆ ಕೊಡಬೇಕು, ಬಾಗಿಲಿನ ಸಂದು ನೋಡಿಕೊಳ್ಳುತ್ತಾ ವೆಲ್ಡ್ ಮಾಡಬೇಕು. ದುಡ್ಡು ಉಳಿಸುವವರು ಹಳೇ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಹಾಕಿ, ಪೇಂಟ್ ಹೊಡೆದುಬಿಡುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು.

ಕಂಡುಹಿಡಿಯುವುದು ಕಷ್ಟವಲ್ಲ. ನೆಲಕ್ಕೆ ಬಗ್ಗಿ ಸಿಲ್ ತಳ ನೋಡಿ. ಕ್ಯಾಸಲ್ ರೈಲಿನ ಅಂಚು ಕೋಟೆ ತೆನೆಯ ಹಾಗೆ ಏರಿಳಿದಿರಬೇಕು, ನೀರು ಹರಿದುಹೋಗುವ ಆ ಬಿಡುವುಗಳು ತೆರೆದಿರಬೇಕು. ಅಲ್ಲಿ ದಪ್ಪಗೆ ಕರಿ ಅಂಡರ್‌ಸೀಲ್ (ತುಕ್ಕು ತಡೆಯಲು ತಳಕ್ಕೆ ಬಳಿಯುವ ಲೇಪ) ಮೆತ್ತಿದ್ದರೆ ಅನುಮಾನ ಪಡಿ. ಆಮೇಲೆ ಮಾರುವವರನ್ನು ಕೇಳಿ ಒಂದು ಬದಿ ಜಾಕ್ ಹಾಕಿಸಿ, ಬಾಗಿಲು ತೆರೆದು ಮುಚ್ಚಿ. ಬಾಗಿಲಿನ ಹಿಂದಿನ ಸಂದು ಮೇಲ್ಗಡೆ ಕಿರಿದಾಯಿತು, ಲಾಕ್ ಹತ್ತಿರ ಉಜ್ಜಿತು ಅಂದರೆ ಗಾಡಿ ನಡುವೆ ಬಗ್ಗುತ್ತಿದೆ. ಅಲ್ಲಿಗೆ ಕೈ ಮುಗಿದು ಬನ್ನಿ.

ರಿಸ್ಟೋರ್ ಮಾಡಿದವರ ಹತ್ತಿರ ಬಿಲ್ಲು, ಕೆಲಸ ನಡೆದಾಗಿನ ಫೋಟೋ ಇದ್ದೇ ಇರುತ್ತವೆ. ಇಷ್ಟು ಕಷ್ಟಪಟ್ಟವರು ಕೇಳದಿದ್ದರೂ ತೋರಿಸುತ್ತಾರೆ! 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಈ ಗಾಡಿಗೆ ಹೊಸ ಬಾಡಿಶೆಲ್ಲನ್ನೇ, ಅಂದರೆ ಪೂರ್ತಿ ತಗಡಿನ ಒಡಲನ್ನೇ, ಮಾಡಿಕೊಡುತ್ತಿದ್ದಾರೆ. ನೀವು ನೋಡಿರುವ ಗಾಡಿಗೆ ಅದು ಬಿದ್ದಿದ್ದು, ಬಿಲ್ಲೂ ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಂಒಟಿ ಬೇಕಿಲ್ಲ ಎನ್ನುವುದು ಸುಳ್ಳಲ್ಲ. 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಗಾಡಿಗಳಿಗೆ 2018ರ ಮೇ ತಿಂಗಳಿಂದ ವಿನಾಯಿತಿ ಇದೆ, ಟ್ಯಾಕ್ಸೂ ಸೊನ್ನೆ. ಆದರೆ ಅದು ಸರ್ಕಾರ ಕೊಟ್ಟ ರಿಯಾಯಿತಿ, ಗಾಡಿ ಗಟ್ಟಿಯಿದೆ ಎನ್ನುವ ಸರ್ಟಿಫಿಕೇಟ್ ಅಲ್ಲ. ನಂಬರ್ ಹಾಕಿದರೆ ಹಳೇ ಎಂಒಟಿ ಚರಿತ್ರೆ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ತುಕ್ಕಿನ ಬಗ್ಗೆ ಟೆಸ್ಟರ್ ಏನು ಬರೆದಿದ್ದಾನೆ ಓದಿ. ಆಮೇಲೆ ‘ಖರ್ಚು ನಂದು, ಹೊಸದಾಗಿ ಒಂದು ಎಂಒಟಿ ಮಾಡಿಸೋಣ’ ಅನ್ನಿ. ಮುಖ ಹೇಗಾಗುತ್ತದೆ ನೋಡಿ.

ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1798 ಸಿಸಿ, ಎರಡು ಎಸ್‌ಯು ಕಾರ್ಬುರೇಟರ್, ಸರಳವಾದ ಗಟ್ಟಿ ಎಂಜಿನ್, ಬಿಡಿಭಾಗ ಎಲ್ಲವೂ ಸಿಗುತ್ತವೆ. ಬಿಸಿಯಾದ ಮೇಲೆ ಓಡಿಸುವಾಗ ಆಯಿಲ್ ಪ್ರೆಷರ್ 50ರಿಂದ 70 ಪಿಎಸ್‌ಐ ತೋರಿಸಿದರೆ ಸಾಕು. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವ ವಾಲ್ವ್ ಸೀಟ್ ಹಾಕಿಸಿದ್ದಾರಾ ಕೇಳಿ. 2021ರಿಂದ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಇ10 (ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು), ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ, ಇ5 ಸೂಪರ್ ಹಾಕಿ.

ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು) ಇದ್ದರೆ ಬಿಡಬೇಡಿ. ಮೋಟಾರ್‌ವೇನಲ್ಲಿ 70 ಮೈಲಿ ವೇಗಕ್ಕೆ ಅದಿಲ್ಲದೆ ಎಂಜಿನ್ 3900 ಆರ್‌ಪಿಎಂ ಆಸುಪಾಸಿನಲ್ಲಿ ಅರಚುತ್ತದೆ, ಇದ್ದರೆ 3200ಕ್ಕೆ ಇಳಿಯುತ್ತದೆ. ಟೆಸ್ಟ್ ಡ್ರೈವಿನಲ್ಲಿ ಸ್ವಿಚ್ ಹಾಕಿ ನೋಡಿ. ತಂತಿ ಚಕ್ರ ಅಂದವೇ, ಆದರೆ ಒಳಗಿನ ಹಲ್ಲುಗಳು ಸವೆಯುತ್ತವೆ. ಚಕ್ರ ಎತ್ತಿ, ಯಾರಾದರೂ ಬ್ರೇಕ್ ತುಳಿದಿರುವಾಗ ಹಿಂದೆಮುಂದೆ ಅಲುಗಾಡಿಸಿ, ಕಟಕಟ ಅಂದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಕೂರುವ ಜಾಗವೂ ತುಕ್ಕಿನ ತವರು, ಮುಚ್ಚಳ ತೆಗೆಸಿ ನೋಡಿ.

ಅಂದಹಾಗೆ, ಊರಿನಲ್ಲಿ ಎಂಜಿ ಹೆಕ್ಟರ್ ಇರುವವರು ‘ನಮ್ಮದೂ ಅದೇ ಕಂಪನಿ’ ಅಂದರೆ ನಕ್ಕು ಸುಮ್ಮನಾಗಿ. ಆ ಬ್ರ್ಯಾಂಡ್ ಈಗ ಚೀನಾದ ಸೈಕ್ ಕಂಪನಿಯದು, ನೀವು ನೋಡಿರುವ ಗಾಡಿ ಹುಟ್ಟಿದ ಆಬಿಂಗ್‌ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿತು.

ಅವಸರ ಬೇಡ. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ತಯಾರಾಗಿವೆ, ಇದಲ್ಲದಿದ್ದರೆ ಇನ್ನೊಂದು. ಮಳೆ ಬರುವಾಗ ಮಾತ್ರ ನೋಡಲು ಹೋಗಬೇಡಿ, ಒದ್ದೆಯಾದರೆ ಎಂಥ ಪೇಂಟೂ ಫಳಫಳ ಅನ್ನುತ್ತದೆ.