ಮಾಣಿ ಹಾಕದೆ ಬಿಟ್ಟ ಬೂಚು

"ಈ ಸಲ ಅಜ್ಜನ ಮನೆಗೆ ಬರುವುದೇ ಇಲ್ಲ ಅಂತ ಹಟ ಹಿಡಿದಿದ್ದಾನೆ ಅಕ್ಕ. ಯಾಕೆ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ ಅಂತಾನೆ. ನೆಟ್‌ವರ್ಕ್ ಮೊದಲು ಮಾತ್ರ ಇತ್ತಾ?"

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಯಲ್ಲಿ ಫ್ಯಾನ್ ಇದ್ದರೂ ಬೆವರು. ಎದುರಿಗೆ ಕೂತ ತಾಯಿಗೆ ನಲವತ್ತರ ಹತ್ತಿರ ಪ್ರಾಯ. ಮಗನಿಗೆ 11, ಮಗಳಿಗೆ 5. ಇರುವುದು ಮಂಗಳೂರಿನಲ್ಲಿ, ತವರುಮನೆ ಇಲ್ಲೇ ಪೆರ್ಲದ ಕಡೆ. ಮಂಗಳೂರಿನಲ್ಲಿ ಸಲಹೆಗಾರರು ಇಲ್ವಾ ಅಂತ ಕೇಳಿದೆ. "ಇದ್ದಾರೆ. ಆದರೆ ಅಜ್ಜನ ಮನೆ ಅಂದರೆ ಎಂತ ಅಂತ ಅವರಿಗೆ ಮೊದಲಿಂದ ಹೇಳಬೇಕಲ್ಲ" ಅಂದರು.

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇದನ್ನು ಬರೆಯಲು ತಾಯಿ ಒಪ್ಪಿದ್ದಾರೆ. ಹುಡುಗನೂ ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ಅವನು ಅತ್ತನೋ ಇಲ್ಲವೋ ಅಂತ ಬರೆಯಬಾರದು. ಅಜ್ಜಿ ಅವನನ್ನು ಮಾಣಿ ಅಂತಲೂ ತಂಗಿಯನ್ನು ಕೂಸು ಅಂತಲೂ ಕರೆಯುತ್ತಾರೆ. ಇಲ್ಲಿಯೂ ಹಾಗೇ ಇರಲಿ. ಅವರ ಮನೆಮಾತು ಹವ್ಯಕ. ಎಲ್ಲರಿಗೂ ತಿಳಿಯಲಿ ಅಂತ ಮಾತುಗಳನ್ನು ಸ್ವಲ್ಪ ತಿದ್ದಿದ್ದೇನೆ.

ಕರ್ನಾಟಕ ಕೇರಳ ಗಡಿಯ ಆಚೆ ಈಚೆ ಹಂಚಿಹೋದ ಮನೆಗಳಿಗೆ ಏಪ್ರಿಲ್ ಮೇ ಅಂದರೆ ಬರೀ ರಜೆ ಅಲ್ಲ. ಮಾಣಿಯ ಶಾಲೆಗೆ ದಸರಾ ರಜೆ ಉದ್ದ. ಪೆರ್ಲದಲ್ಲಿರುವ ಮಾವನ ಮಕ್ಕಳಿಗೆ ಆಗ ಎರಡು ಮೂರು ದಿನ ಸಿಕ್ಕಿದರೆ ಹೆಚ್ಚು. ಅವರಿಗೆ ಓಣಂಗೆ ಹತ್ತು ದಿನ ರಜೆ ಇರುವಾಗ ಇವನಿಗೆ ಶಾಲೆ. ಎಲ್ಲ ಮಕ್ಕಳು ಒಟ್ಟಾಗುವುದು ಬೇಸಗೆಯಲ್ಲಿ ಮಾತ್ರ. ಹಾಗಾಗಿ ಆ ಒಂದೂವರೆ ತಿಂಗಳಿಗೆ ಅವರು ವರ್ಷವಿಡೀ ಕಾಯುತ್ತಾರೆ.

ಆ ರಜೆ ಹೇಗಿತ್ತು ಅಂತ ಕೇಳಿದ್ದೇ ತಡ, ತಾಯಿಯ ಮುಖ ಅರಳಿತು. ಬೆಳಿಗ್ಗೆ ಅಜ್ಜಿ ಹಲಸಿನ ಹಪ್ಪಳ ಒತ್ತಲು ಕೂರುತ್ತಿದ್ದರು. ಮಕ್ಕಳಿಗೆ ಹಿಟ್ಟಿನ ಉಂಡೆ ಕದಿಯುವ ಕೆಲಸ. ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಲು ಇಟ್ಟ ಮೇಲೆ ಕಾಗೆ ಕಾಯುವ ಕೆಲಸ. ಅದಕ್ಕೆ ಅಜ್ಜ ಸಂಬಳ ಕೊಡುತ್ತಿದ್ದರು. ಒಂದು ಕಾಗೆ ಓಡಿಸಿದರೆ ಒಂದು ರೂಪಾಯಿ. ಒಂದೇ ಕಾಗೆಯನ್ನು ಹತ್ತು ಸಲ ಓಡಿಸಿ ಹತ್ತು ರೂಪಾಯಿ ಕೇಳಿದ ಮೊಮ್ಮಗಳೂ ಆ ಮನೆಯಲ್ಲಿ ಇದ್ದಾಳೆ. ಕೊಟ್ಟರಂತೆ. ಮಧ್ಯಾಹ್ನ ಜಗಲಿಯಲ್ಲಿ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅಜ್ಜ ಬೇಕೆಂದೇ ಕಾಯಿ ತಪ್ಪು ಎಣಿಸಿ ಸಿಕ್ಕಿಬೀಳುತ್ತಿದ್ದರು. ಬಿಸಿಲು ಇಳಿದ ಮೇಲೆ ಅಡಿಕೆ ಹಾಳೆಯಲ್ಲಿ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವುದು. ಅದರಲ್ಲಿ ಚಡ್ಡಿ ಹರಿಯದವರೇ ಇಲ್ಲ. ಜಗಲಿಯಿಂದ ಅಜ್ಜ "ಮೆಲ್ಲ, ಮೆಲ್ಲ!" ಅಂತ ಕೂಗುತ್ತಿದ್ದರು. ಯಾರೂ ಮೆಲ್ಲ ಮಾಡುತ್ತಿರಲಿಲ್ಲ.

ಇಷ್ಟು ಹೇಳಿ ಅವರು ಥಟ್ಟನೆ ನಿಲ್ಲಿಸಿದರು. "ಇದನ್ನೆಲ್ಲ ಮಕ್ಕಳ ಎದುರು ಮಾತಾಡುವುದಿಲ್ಲ ಅಕ್ಕ. ಸುಮ್ನೆ ಬೇಸರ ಮಾಡಿಕೊಳ್ಳುತ್ತಾರೆ."

ಅಜ್ಜ ತೀರಿಹೋದದ್ದು ಹಿಂದಿನ ಜುಲೈಯಲ್ಲಿ, ಆಟಿ ತಿಂಗಳ ಜೋರು ಮಳೆಯಲ್ಲಿ. ಹೃದಯದ ತೊಂದರೆ. ದಸರಾ ರಜೆಯಲ್ಲಿ ಇವರು ಹೋದಾಗ ಮಕ್ಕಳು ಎಂದಿನಂತೆ ಹಾಳೆ ಎಳೆದರು, ಬಿದ್ದರು, ನಕ್ಕರು. ಆಗ ಸೋದರಮಾವ ಒಳಗಿಂದ ಬಂದು ಜೋರು ಮಾಡಿದರು: "ಅಜ್ಜ ಹೋಗಿ ಮೂರು ತಿಂಗಳಾಗಲಿಲ್ಲ. ಎಂತ ನಿಮ್ಮದು, ಇಲ್ಲಿ ಜಾತ್ರೆಯಾ?" ಅಂಗಳ ನಿಶ್ಶಬ್ದವಾಯಿತು. ಆ ಸಂಜೆಯ ನಂತರ ಮಾಣಿ ಅಲ್ಲಿ ಆಡಲಿಲ್ಲ.

ಸಮಸ್ಯೆ ಇಷ್ಟೇ ಅಂತ ನನಗೂ ಮೊದಲು ಅನ್ನಿಸಿತು. ದೊಡ್ಡವರು ಅರ್ಥ ಮಾಡಿಕೊಳ್ಳದೆ ಇರುವ ಒಂದು ವಿಷಯ ಇದೆ. ಮಕ್ಕಳ ದುಃಖ ಕಂತಿನಲ್ಲಿ ಬರುತ್ತದೆ. ಹತ್ತು ನಿಮಿಷ ಅಳು, ಆಮೇಲೆ ಕ್ರಿಕೆಟ್, ರಾತ್ರಿ ಊಟದ ಹೊತ್ತಿಗೆ ಮತ್ತೆ ಒಂದು ಪ್ರಶ್ನೆ. ಆಡಿದರು ಅಂದರೆ ಮರೆತರು ಅಂತ ಅಲ್ಲ. ಇದನ್ನು ಮಾವನಿಗೆ ಹೇಳಿದರೆ ಕೆಲಸ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ.

ಎರಡನೆಯ ಭೇಟಿಯಲ್ಲಿ ಮಾಣಿಗೆ ಒಂದು ಹಾಳೆ ಕೊಟ್ಟೆ (ಈ ಸಲ ಕಾಗದದ್ದು). ಅಜ್ಜನ ಮನೆಯ ನಕ್ಷೆ ಬಿಡಿಸು ಅಂದೆ. ಮನಸ್ಸಿಟ್ಟು ಬಿಡಿಸಿದ. ಜಗಲಿ, ಹಟ್ಟಿ, ಮೂರು ದನ, ಅಡಿಕೆ ತೋಟ, ಕ್ರಿಕೆಟ್ ವಿಕೆಟ್ ನೆಡುವ ಜಾಗ, ಬಾಲ್ ಕಳೆದುಹೋಗುವ ಕೆಸುವಿನ ಹಿಂಡು. ನಾನು ಇದೇ ಮಣ್ಣಿನವಳು. ಯಾವ ಮನೆ ನೋಡಿದರೂ ನಮ್ಮ ಕಡೆಯವರ ಮೊದಲ ಪ್ರಶ್ನೆ ಒಂದೇ. ಅದನ್ನೇ ಕೇಳಿದೆ.

"ತೋಟಕ್ಕೆ ನೀರು ಎಲ್ಲಿಂದ?"

ಪೆನ್ಸಿಲ್ ನಿಂತಿತು. "ಸುರಂಗದಿಂದ" ಅಂದ. ಬಿಡಿಸಲಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಅಡ್ಡಡ್ಡ ಕೊರೆದ ಬಾವಿಗಳಿವೆ. ಅವೇ ಸುರಂಗ. ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಕೆಳಗಿನ ಟ್ಯಾಂಕಿಯಲ್ಲಿ ತುಂಬುತ್ತದೆ. ಕರೆಂಟು ಬೇಡ, ಪಂಪು ಬೇಡ. ಸಂಜೆ ಟ್ಯಾಂಕಿಯ ತೂತಿಗೆ ಬೂಚು (ಮರದ ಬಿರಡೆ) ಹಾಕಬೇಕು, ರಾತ್ರಿಯಿಡೀ ತುಂಬಿದ್ದನ್ನು ಬೆಳಿಗ್ಗೆ ಬೂಚು ತೆಗೆದು ತೋಟಕ್ಕೆ ಬಿಡಬೇಕು. ಬೇಸಗೆಯಲ್ಲಿ ನೀರು ನೂಲಿನಷ್ಟು ಸಪೂರ ಆಗುತ್ತದೆ. ಒಂದು ರಾತ್ರಿ ಬೂಚು ಮರೆತರೆ ಮರುದಿನ ತೋಟಕ್ಕೆ ನೀರಿಲ್ಲ.

ರಜೆಯಲ್ಲಿ ಬೂಚು ಹಾಕುವ ಕೆಲಸ ಮಾಣಿಯದ್ದು. ಅಜ್ಜ ಅವನಿಗೇ ಅಂತ ಕೊಟ್ಟಿದ್ದರು. ಹಿಂದಿನ ಮೇ ತಿಂಗಳ ಒಂದು ಸಂಜೆ ಆಟದಲ್ಲಿ ಮರೆತ. ರಾತ್ರಿ ಹತ್ತಕ್ಕೆ ಅಜ್ಜನಿಗೆ ನೆನಪಾಗಿ, ಯಾರನ್ನೂ ಎಬ್ಬಿಸದೆ ಟಾರ್ಚ್ ಹಿಡಿದು ಹೋದರು. ಕಾಲು ಒದ್ದೆ ಮಾಡಿಕೊಂಡು ಬಂದರು. ಎರಡು ದಿನ ಜ್ವರ ಬಂತು, ಬಿಟ್ಟಿತು. ಜುಲೈಯಲ್ಲಿ ಅಜ್ಜ ಇಲ್ಲ.

"ನಾನು ಬೂಚು ಹಾಕಿದ್ದರೆ..." ಅಂದ. ಆಮೇಲೆ ಏನಾಯಿತು ಅಂತ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ಎಂಟು ತಿಂಗಳು ಇದನ್ನು ಅವನು ಒಬ್ಬನೇ ಹೊತ್ತಿದ್ದ. ಯಾಕೆಂದರೆ ಆ ಮನೆಯಲ್ಲಿ ಅಜ್ಜನ ಮಾತೇ ಎತ್ತುತ್ತಿರಲಿಲ್ಲ. ಹೇಳುವವರು ಇಲ್ಲದಿದ್ದರೆ ಮಕ್ಕಳು ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಮತ್ತು ಆ ಕಥೆಯಲ್ಲಿ ಹೆಚ್ಚಾಗಿ ತಪ್ಪು ಅವರದ್ದೇ ಇರುತ್ತದೆ. ಅವನು ಆಡುತ್ತಿದ್ದಾಗಲೇ ಬೂಚು ಮರೆತದ್ದು. ಆಡಿದ್ದಕ್ಕೇ ಮಾವ ಬೈದದ್ದು. 11 ವರ್ಷದ ತಲೆಯಲ್ಲಿ ಇವೆರಡೂ ಸೇರಿ ಗಟ್ಟಿಯಾಗಿದ್ದವು.

"ನಿನ್ನ ತಪ್ಪಿಲ್ಲ ಪುಟ್ಟಾ" ಅಂತ ಹತ್ತು ಸಲ ಹೇಳಿದರೂ ಈ ಪ್ರಾಯದವರು ನಂಬುವುದಿಲ್ಲ. ದೊಡ್ಡವರು ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆ ಅಂತ ಅವರಿಗೆ ಗೊತ್ತು. ಅದಕ್ಕೆ ಅವನ ಒಪ್ಪಿಗೆ ಕೇಳಿ ತಾಯಿಗೆ ವಿಷಯ ಹೇಳಿದೆ. ಅಜ್ಜನ ಆಸ್ಪತ್ರೆ ಫೈಲು ತರಲು ಹೇಳಿದೆ. ಮೂರನೆಯ ಭೇಟಿಯಲ್ಲಿ ಅದನ್ನು ಮೇಜಿನ ಮೇಲೆ ಹರಡಿ ಮೂವರೂ ನೋಡಿದೆವು. ಹೃದಯದ ರಕ್ತನಾಳ ಕಟ್ಟಿದೆ ಅಂತ ಗೊತ್ತಾದದ್ದು ಐದು ವರ್ಷ ಹಿಂದೆ. ಎರಡು ಸ್ಟೆಂಟ್ ಹಾಕಿದ ಚೀಟಿ. ದಿನಕ್ಕೆ ಇಷ್ಟು ಮಾತ್ರೆ ಅಂತ ಬರೆದ ಪಟ್ಟಿ. ಮಾಣಿ ತಾರೀಕುಗಳನ್ನು ಬೆರಳಿಟ್ಟು ಓದಿದ. "ಆಗ ನಾನು ಒಂದನೇ ಕ್ಲಾಸು" ಅಂದ. ಒದ್ದೆ ಕಾಲಿಗೂ ಕಟ್ಟಿದ ರಕ್ತನಾಳಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳುವ ಮೊದಲೇ ಅವನು ಲೆಕ್ಕ ಹಾಕುತ್ತಿದ್ದ.

ಆಗ ಅವನೇ ಬಬಿಯಾನ ಮಾತು ತೆಗೆದ. ಅನಂತಪುರ ಕೆರೆ ದೇವಸ್ಥಾನದ ಮೊಸಳೆ, 2022ರ ಅಕ್ಟೋಬರ್‌ನಲ್ಲಿ ಸತ್ತದ್ದು. ಆಗ ಅವನಿಗೆ 8. ದಸರಾ ರಜೆಗೆ ಬಂದಿದ್ದ. ಸಾವಿರಾರು ಜನ ನೋಡಲು ಹೋಗಿದ್ದರು. ಇವನನ್ನು ಅಜ್ಜ ಕರೆದುಕೊಂಡು ಹೋಗಿದ್ದರು. "ಬಬಿಯಾ ನಿದ್ದೆ ಮಾಡ್ತಾ ಉಂಟಾ ಅಂತ ಕೇಳಿದೆ. ಅಜ್ಜ, ಅಲ್ಲ ಮಾಣಿ, ಸತ್ತುಹೋಯಿತು, ಪ್ರಾಯ ಆಗಿತ್ತು ಅಂದರು." ಸ್ವಲ್ಪ ತಡೆದು, "ಮರುವರ್ಷ ಅಲ್ಲಿಗೆ ಬೇರೆ ಮೊಸಳೆ ಬಂತು" ಅಂದ.

ನಾನು ತಾಯಿಯ ಮುಖ ನೋಡಿದೆ. ಆ ಮನೆಯಲ್ಲಿ ಮಕ್ಕಳಿಗೆ ಸಾವನ್ನು ಸಾವು ಅಂತ ಹೇಳಿದವರು ಅಜ್ಜ ಒಬ್ಬರೇ. ಉಳಿದವರು ಕೂಸಿಗೆ "ಅಜ್ಜ ಮಲಗಿದ್ದಾರೆ, ಏಳುವುದಿಲ್ಲ" ಅಂದಿದ್ದರು. ಆ ಮಗು ರಾತ್ರಿ ಮಲಗಲು ಯಾಕೆ ಹೆದರುತ್ತದೆ, ಅಪ್ಪ ಕಣ್ಣು ಮುಚ್ಚಿದರೆ ರೆಪ್ಪೆ ಎಳೆದು ಯಾಕೆ ಬಿಡಿಸುತ್ತದೆ ಅಂತ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. "ಅಜ್ಜನ ಹೃದಯ ನಿಂತುಹೋಯಿತು. ಸತ್ತವರು ಉಸಿರಾಡುವುದಿಲ್ಲ, ಅವರಿಗೆ ನೋವೂ ಆಗುವುದಿಲ್ಲ. ಮಲಗಿದವರು ಬೆಳಿಗ್ಗೆ ಏಳುತ್ತಾರೆ." ಇಷ್ಟೇ ಹೇಳಿ, ಕೇಳಿದಷ್ಟು ಸಲವೂ ಇದನ್ನೇ ಹೇಳಿ ಅಂದೆ. ನಕ್ಷತ್ರ ಆದರು, ದೂರ ಊರಿಗೆ ಹೋದರು ಅಂತೆಲ್ಲ 5 ವರ್ಷದವರಿಗೆ ಹೇಳಬಾರದು. ಅವರು ಮಾತನ್ನು ಹಾಗೇ ನಂಬುತ್ತಾರೆ.

ಇನ್ನು ಮಾವ. ಫೋನಿನಲ್ಲಿ ಮೊದಲು ಬಿಗಿಯಾಗಿದ್ದರು. "ಟೀಚರೇ, ವರ್ಷಾಂತಿಕ ಆಗುವವರೆಗೆ ನಮ್ಮಲ್ಲಿ ಹಬ್ಬ ಇಲ್ಲ" ಅಂದರು. ಶಾಸ್ತ್ರದ ವಿಷಯದಲ್ಲಿ ನಾನು ತಲೆಹಾಕುವುದಿಲ್ಲ. ಹಬ್ಬ ಬೇಡ ಸರಿ, ಮಕ್ಕಳು ಹಾಳೆ ಎಳೆಯಬಾರದು ಅಂತ ಇದೆಯಾ, ನಿಮ್ಮ ಭಟ್ಟರನ್ನೇ ಕೇಳಿ ಅಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಭಟ್ಟರು ನಕ್ಕರಂತೆ. ಆಮೇಲೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಅವತ್ತು ಆ ಗಲಾಟೆ ಕೇಳುವಾಗ ಈಗ ಅಪ್ಪ ಜಗಲಿಯಿಂದ ಮೆಲ್ಲ ಅಂತ ಕೂಗ್ತಾರೆ ಅಂತ ಕಾದೆ ಟೀಚರೇ. ಕೂಗಲಿಲ್ಲ. ಅದಕ್ಕೆ ನನಗೆ ಸಿಟ್ಟು ಬಂತು."

ಅವರಿಗೂ ಅಪ್ಪ ಹೋಗಿದ್ದಾರೆ ಅಂತ ಎಲ್ಲರೂ ಮರೆತಿದ್ದೆವು. ತೋಟ, ಔಷಧಿ ಸಿಂಪಡಣೆ, ಅಜ್ಜಿಯ ಮಂಡಿನೋವು, ಬ್ಯಾಂಕು, ಮಾಸಿಕ ಶ್ರಾದ್ಧ, ಎಲ್ಲ ಅವರ ತಲೆಯ ಮೇಲೆ. ರಜೆಗೆ ಬಂದವರು ನಕ್ಕು ಹೋಗುತ್ತಾರೆ, ಇರುವವನು ನಾನು ಅನ್ನುವ ಕುದಿಯೂ ಇತ್ತು. ಅದನ್ನು ತಂಗಿಗೆ ನೇರ ಹೇಳಿ, ನನಗಲ್ಲ ಅಂದೆ. ಮಾಣಿಯನ್ನು ಕ್ಷಮೆ ಕೇಳುವುದು ಬೇಡ, ಅಂಗಳಕ್ಕೆ ಕರೆದರೆ ಸಾಕು ಅಂತಲೂ ಹೇಳಿದೆ.

ತಾಯಿಗೆ ಕೊಟ್ಟ ಸಲಹೆಯಲ್ಲಿ ಒಂದು ಪೂರ್ತಿ ಬಿದ್ದುಹೋಯಿತು. ಅಜ್ಜನ ಕನ್ನಡಕ, ಎಲೆಡಿಕೆ ಡಬ್ಬಿ, ಫೋಟೋ ಹಾಕಿ ಮಕ್ಕಳು ಒಂದು ನೆನಪಿನ ಪೆಟ್ಟಿಗೆ ಮಾಡಲಿ ಅಂದಿದ್ದೆ. ತರಬೇತಿಯಲ್ಲಿ ಕಲಿಸುತ್ತಾರೆ, ಪಟ್ಟಣದ ಫ್ಲಾಟಿನ ಮಕ್ಕಳಿಗೆ ಚೆನ್ನಾಗಿ ನಡೆಯುತ್ತದೆ. ಅಜ್ಜಿ ಕೇಳಿ, "ಈ ಮನೆಯೇ ಅವರ ಪೆಟ್ಟಿಗೆ ಅಲ್ವಾ? ಡಬ್ಬಿ ಇದ್ದಲ್ಲೇ ಇರಲಿ, ನಾನು ದಿನಾ ಅದರಿಂದಲೇ ಸುಣ್ಣ ತೆಗೆಯುವುದು" ಅಂದರಂತೆ. ಸರಿ ಅನ್ನಿಸಿತು. ಬೇರೆ ದಾರಿ ಹಿಡಿದೆವು. ಅಜ್ಜ ಮಾಡುತ್ತಿದ್ದ ಒಂದೊಂದು ಕೆಲಸ ಒಬ್ಬೊಬ್ಬರಿಗೆ. ಕಾಗೆ ಸಂಬಳ ಕೊಡುವುದು ತಾಯಿ. ಚೆನ್ನೆಯಲ್ಲಿ ಕಳ್ಳಾಟ ಆಡುವುದು ಮಾವ. ಮತ್ತೆ ಬೂಚು, ಬೇಕು ಅಂದರೆ ಮಾತ್ರ, ಮಾಣಿ. ಸತ್ತವರ ನಂಟನ್ನು ಕಡಿದುಕೊಂಡರೇ ದುಃಖ ಮುಗಿಯುವುದು ಅಂತ ಹಿಂದೆ ನಮ್ಮ ವಿದ್ಯೆಯಲ್ಲಿ ಹೇಳುತ್ತಿದ್ದರು. 1996ರಲ್ಲಿ ಸಂಶೋಧಕ ಡೆನ್ನಿಸ್ ಕ್ಲಾಸ್ ಮತ್ತು ಜೊತೆಗಾರರು, ಹಾಗಲ್ಲ, ನಂಟು ಬೇರೆ ರೂಪದಲ್ಲಿ ಮುಂದುವರಿಯುತ್ತದೆ, ಅದು ತಪ್ಪೂ ಅಲ್ಲ ಅಂತ ವಾದಿಸಿದರು. ವರ್ಷವರ್ಷ ಹಿರಿಯರಿಗೆ ಎಡೆ ಇಡುವ ಊರಿನವರಿಗೆ ಇದು ಹೊಸ ವಿಷಯ ಏನೂ ಅಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿದ್ದೆ. ಊಟ, ನಿದ್ದೆ, ಶಾಲೆ ತಿಂಗಳುಗಟ್ಟಲೆ ಹಳಿ ತಪ್ಪಿದರೆ, ತಾನೂ ಅಜ್ಜನ ಹತ್ತಿರ ಹೋಗುತ್ತೇನೆ ಅಂತ ಮಗು ಹೇಳಿದರೆ, ಕಾಯಬಾರದು. ಆಗ ನನ್ನಂಥವರು ಸಾಲದು, ಮನೋವೈದ್ಯರು ಬೇಕು. ರಾತ್ರಿ ಹೊತ್ತಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಖರ್ಚಿಲ್ಲ. ಮಾಣಿಗೆ ಅದು ಬೇಕಾಗಲಿಲ್ಲ.

ಏಪ್ರಿಲ್ ಕೊನೆಗೆ ಹನ್ನೆರಡು ದಿನದ ಮಟ್ಟಿಗೆ ಹೋದರು. ಮೊದಲ ಎರಡು ದಿನ ಮಾಣಿ ನೆಟ್‌ವರ್ಕ್ ಹುಡುಕುತ್ತಾ ಗುಡ್ಡದ ತುದಿಯಲ್ಲೇ ಇದ್ದ. ಮೂರನೆಯ ದಿನ ಹಪ್ಪಳ. ಅಜ್ಜಿ ಒತ್ತುತ್ತಾ ಒತ್ತುತ್ತಾ ತಾವಾಗಿಯೇ ಹೇಳಿದರಂತೆ: "ನಿನ್ನ ಅಜ್ಜ ಬೂಚು ಮರೆತದ್ದಕ್ಕೆ ಲೆಕ್ಕ ಉಂಟಾ? ಯಕ್ಷಗಾನ ಆಟ ಉಂಟು ಅಂದರೆ ಸಾಕು, ಬೂಚು ಅಲ್ಲೇ ಕಲ್ಲಿನ ಮೇಲೆ. ಎಷ್ಟು ರಾತ್ರಿ ನಾನು ಲಾಟೀನು ಹಿಡಿದು ಹೋಗಿದ್ದೇನೆ ಗೊತ್ತುಂಟಾ?"

ನನ್ನ ಮೂರು ಭೇಟಿಗಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು. ಅಜ್ಜನೂ ಮರೆಯುತ್ತಿದ್ದರು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ತೀರಿಹೋದವರನ್ನು ನಾವು ತಪ್ಪೇ ಮಾಡದವರ ಹಾಗೆ ಮಾಡಿ ಗೋಡೆಗೆ ತೂಗುಹಾಕುತ್ತೇವೆ.

ಎಲ್ಲವೂ ಸರಿ ಹೋಯಿತು ಅಂತ ಅಲ್ಲ. ಅಣ್ಣ ತಂಗಿ ಇನ್ನೂ ಕೂತು ಮಾತಾಡಿಲ್ಲ. ಕೂಸು ಈಗಲೂ ಕೆಲವು ರಾತ್ರಿ ಅಪ್ಪನ ರೆಪ್ಪೆ ಎಳೆಯುತ್ತದೆ.

ಜೂನ್‌ನಲ್ಲಿ ಮಾಣಿ ಕೊನೆಯ ಸಲ ಬಂದ. ಮೊಣಕೈ ತರಚಿತ್ತು. ಹಾಳೆಯಾ ಅಂದೆ, ಹೌದು ಅಂದ. ನಕ್ಷೆಯ ಕಾಗದ ನನ್ನ ಫೈಲಿನಲ್ಲೇ ಇತ್ತು. ಕೇಳಿ ತೆಗೆದುಕೊಂಡು ಗುಡ್ಡ ಬಿಡಿಸಿದ, ಸುರಂಗದ ಬಾಯಿ, ಟ್ಯಾಂಕಿ. ಟ್ಯಾಂಕಿಯ ಬುಡದಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ.

"ಬೂಚು ಸವೆದಿದೆ ಆಂಟಿ, ಸ್ವಲ್ಪ ಲೀಕ್ ಉಂಟು. ಬಟ್ಟೆ ಸುತ್ತಿ ಇಟ್ಟಿದ್ದೇನೆ. ದಸರಾಕ್ಕೆ ಹೋಗುವಾಗ ಹೊಸದು ಕೆತ್ತಬೇಕು. ಮಾವ ಮರ ತೆಗೆದು ಇಡ್ತೇನೆ ಅಂದಿದ್ದಾರೆ."