ಟಿನ್ನಿನ ಕಾಳು ಮನೆಯಲ್ಲಿ ಬೇಯಿಸಿದ್ದಕ್ಕೆ ಸಮವೇ?

ನೀವು ಬರೆದದ್ದು ಇಷ್ಟು: ಕಾಸರಗೋಡು ಪೇಟೆಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಇಬ್ಬರಿಗೂ ಕೆಲಸ, ಬೆಳಗ್ಗೆ ಬೇಗ ಹೊರಡಬೇಕು. ಭಾವ ಗಲ್ಫಿನಿಂದ ಬರುವಾಗ ಟಿನ್ನಿನಲ್ಲಿ ಬೆಂದ ಬಿಳಿ ಕಡ್ಲೆ, ರಾಜ್ಮಾ ತಂದಿದ್ದಾರೆ. ನಿಮಗೆ ಅದು ಅನುಕೂಲ ಅನಿಸಿದೆ. ಅಮ್ಮ ಮಾತ್ರ "ವರ್ಷಗಟ್ಟಲೆ ಕೆಡದಿರಬೇಕಾದರೆ ಏನೇನು ಮದ್ದು ಹಾಕಿರ್ತಾರೋ, ಬಿಸಾಡು" ಅಂತಿದ್ದಾರೆ. ಇದು ಮನೆಯಲ್ಲಿ ಬೇಯಿಸಿದ ಕಾಳಿಗೆ ಬದಲಿ ಆಗಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಬಿಸಾಡಬೇಡಿ. ಅದು ಬೆಂದ ಕಾಳೇ, ಬೇರೇನಲ್ಲ. ಸಮಯ ಸಿಗದ ದಿನ ಧೈರ್ಯವಾಗಿ ತಿನ್ನಿ. ಆದರೆ ದಿನಾ ಅದನ್ನೇ ನೆಚ್ಚಿಕೊಳ್ಳುವ ಅಗತ್ಯ ನಮ್ಮ ಊರಲ್ಲಿ ಇರುವವರಿಗೆ ಖಂಡಿತ ಇಲ್ಲ. ನಾನು ಶಾರ್ಜಾದ ಒಂದು ಮೆಸ್ಸಿನಲ್ಲಿ ತುಂಬಾ ವರ್ಷ ಅಡುಗೆ ಮಾಡಿದವನು, ಈಗ ಪೆರ್ಲದ ಹತ್ತಿರ ಮನೆಯಲ್ಲೇ ಇದ್ದೇನೆ. ಎರಡು ಬಗೆಯ ಕಾಳೂ ಕೈಗೆ ಚೆನ್ನಾಗಿ ಗೊತ್ತು.

ಮೊದಲು ಅಮ್ಮನ ಹೆದರಿಕೆ. ನೆನೆಸಿದ ಕಾಳನ್ನು ಉಪ್ಪುನೀರಿನ ಜೊತೆ ಟಿನ್ನಿಗೆ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ, ಆಮೇಲೆ ಟಿನ್ ಸಮೇತ ಪ್ರೆಷರ್‌ನಲ್ಲಿ ಬೇಯಿಸುತ್ತಾರೆ. ಬಿಸಿ ಸುಮಾರು 121 ಡಿಗ್ರಿಗೆ ಏರುತ್ತದೆ. ಗಾಳಿ ಇಲ್ಲದ ಕಡೆ ಬೆಳೆದು ಮಾರಕ ವಿಷ ಉಂಟುಮಾಡುವ ಬೊಟುಲಿನಂ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣಗಳು 100 ಡಿಗ್ರಿಯಲ್ಲಿ ಕುದಿಯುವ ನೀರಿಗೂ ಸಾಯುವುದಿಲ್ಲ, ಈ ಬಿಸಿಗೆ ಸಾಯುತ್ತವೆ. ಒಳಗಿದ್ದದ್ದು ಸತ್ತಿತು, ಹೊರಗಿನಿಂದ ಹೊಸದು ಹೋಗಲು ದಾರಿ ಇಲ್ಲ. ಕಾಳು ಉಳಿಯುವುದು ಇದರಿಂದ, ಮದ್ದಿನಿಂದ ಅಲ್ಲ. ಉಪ್ಪಿನಿಂದಲೂ ಅಲ್ಲ. ಉಪ್ಪೇ ಹಾಕದ ಟಿನ್‌ಗಳೂ ಸಿಗುತ್ತವೆ, ಅವೂ ವರ್ಷಗಟ್ಟಲೆ ಇರುತ್ತವೆ. ಅಮ್ಮನಿಗೆ ಇದನ್ನೇ ಹೇಳಿ ನೋಡಿ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಮನೆಯಲ್ಲಿ ಕಾಳು ಬೇಯಿಸಿ, ಬಿಸಿ ಇರುವಾಗಲೇ ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿದು ಕಪಾಟಿನಲ್ಲಿ ಇಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಮಾವಿನ ಮಿಡಿ ಉಪ್ಪಿನಕಾಯಿ ಉಳಿಯುವುದು ಹುಳಿ ಮತ್ತು ಉಪ್ಪಿನ ಬಲದಿಂದ. ಕಾಳಿಗೆ ಹುಳಿ ಇಲ್ಲ. ಬೇಯಿಸಿ ಉಳಿಸುವುದಾದರೆ ಫ್ರಿಜ್ ಅಥವಾ ಫ್ರೀಜರ್, ಅಷ್ಟೇ.

ಟಿನ್ನಿನ ಲೇಬಲ್ಲಿನಲ್ಲಿ ಇ509 ಅಂತ ಕಂಡರೆ ಅದು ಕ್ಯಾಲ್ಸಿಯಂ ಕ್ಲೋರೈಡ್, ಕಾಳು ಒಡೆದು ಮುದ್ದೆಯಾಗದಿರಲಿ ಅಂತ ಹಾಕುತ್ತಾರೆ. ಇ385 ಅಂದರೆ ಇಡಿಟಿಎ, ಬಣ್ಣ ಮಾಸದಿರಲು. ಎರಡೂ ಸಣ್ಣ ಪ್ರಮಾಣದಲ್ಲಿ ಅನುಮತಿ ಇರುವಂಥವು. ಬರೀ ಕಡ್ಲೆ, ನೀರು, ಉಪ್ಪು ಅಂತ ಇರುವ ಟಿನ್ನೂ ಬೇಕಾದಷ್ಟಿದೆ, ಅದನ್ನೇ ಆರಿಸಿದರೆ ಈ ತಲೆನೋವೇ ಇಲ್ಲ.

ಸತ್ವದ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮನೆಯಲ್ಲಿ ಬೇಯಿಸಿದ ಬಿಳಿ ಕಡ್ಲೆ 100 ಗ್ರಾಮಿನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇದ್ದರೆ, ನೀರು ಬಸಿದ ಟಿನ್ ಕಡ್ಲೆಯಲ್ಲಿ 7 ಗ್ರಾಮಿನ ಹತ್ತಿರ. ನಾರಿನಂಶವೂ ಹಾಗೆಯೇ, ಒಂದು ಕೈ ಕಡಿಮೆ. ನೀರಿನಲ್ಲಿ ಕರಗುವ ಬಿ ವಿಟಮಿನ್‌ಗಳು ಸ್ವಲ್ಪ ಆ ನೀರಿಗೆ ಹೋಗುತ್ತವೆ. ಮನೆಯಲ್ಲಿ ಬೇಯಿಸಿದ ನೀರು ಚೆಲ್ಲಿದರೂ ಹೋಗುತ್ತವೆ, ಅಲ್ವಾ? ಸುಮ್ನೆ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ನೋಡಬೇಕಾದದ್ದು ಉಪ್ಪು. ಉಪ್ಪು ಹಾಕಿದ ಟಿನ್ನಿನ ಕಾಳಿನಲ್ಲಿ ಸಾಮಾನ್ಯವಾಗಿ 100 ಗ್ರಾಮಿಗೆ 200ರಿಂದ 300 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 400 ಗ್ರಾಮಿನ ಟಿನ್ನಿನಲ್ಲಿ ನೀರು ಬಸಿದರೆ ಸಿಗುವ ಕಾಳು 240 ಗ್ರಾಂ ಆಸುಪಾಸು. ಅಂದರೆ ಒಂದು ಟಿನ್ ಪೂರ್ತಿ ಒಬ್ಬರೇ ತಿಂದರೆ ಒಂದೂವರೆ ಗ್ರಾಮಿನಷ್ಟು ಉಪ್ಪು ಕಾಳಿನಿಂದಲೇ ಬಂತು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಊಟ ಗೊತ್ತಲ್ಲ: ಗಂಜಿಗೆ ಉಪ್ಪಿನಕಾಯಿ, ಹಪ್ಪಳ, ಕೆಲವರಿಗೆ ಒಣಮೀನು. ಬೇರೆ ಏನೂ ಸೇರದಿದ್ದರೂ ನಮ್ಮ ಬಟ್ಟಲಲ್ಲಿ ಉಪ್ಪು ಜಾಸ್ತಿಯೇ ಇದೆ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಇದು ಸಣ್ಣ ವಿಷಯ ಅಲ್ಲ. ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪರಿಹಾರ ನಮ್ಮವರಿಗೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಭರಣಿಯಿಂದ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ತೆಗೆದರೆ ನಾವು ಹಾಗೇ ಒಲೆಗೆ ಇಡುತ್ತೇವಾ? ನೀರಿನಲ್ಲಿ ಹಾಕಿಟ್ಟು, ಹಿಂಡಿ, ಉಪ್ಪು ಬಿಡಿಸುತ್ತೇವೆ. ಟಿನ್ನಿನ ಕಾಳಿಗೂ ಅದೇ ಉಪಚಾರ ಮಾಡಿ. ಮುಚ್ಚಳ ತೆಗೆದು ತೂತಿನ ಪಾತ್ರೆಗೆ ಸುರಿಯಿರಿ. ಮಂದವಾದ, ಸ್ವಲ್ಪ ಲೋಳೆ ಲೋಳೆಯಾದ ನೀರು ಕೆಳಗೆ ಇಳಿಯುತ್ತದೆ. ಒಂದೆರಡು ನಿಮಿಷ ಬಸಿಯಲು ಬಿಡಿ. ಆಮೇಲೆ ನಳ್ಳಿಯ ಕೆಳಗೆ ಹಿಡಿದು ಕೈಯಿಂದ ಮೆಲ್ಲನೆ ಆಡಿಸಿ. ಮೊದಲು ನೊರೆ ಬರುತ್ತದೆ, ನೊರೆ ನಿಂತು ತಿಳಿ ನೀರು ಬರುವ ತನಕ ತೊಳೆಯಿರಿ. ಇಷ್ಟಕ್ಕೇ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೋಡಿಯಂ ಹೋಗುತ್ತದೆ. ಹೊಟ್ಟೆ ಉಬ್ಬರಿಸುವ ಅಂಶವೂ ಸ್ವಲ್ಪ ಆ ನೀರಿನ ಜೊತೆ ಹೋಗುತ್ತದೆ. ಅಡುಗೆಗೆ ಮತ್ತೆ ಉಪ್ಪು ಹಾಕುವಾಗ ರುಚಿ ನೋಡಿಯೇ ಹಾಕಿ.

ಟೊಮೆಟೊ ಸಾಸಿನಲ್ಲಿ ಮುಳುಗಿಸಿದ ಬೇಕ್ಡ್ ಬೀನ್ಸ್ ಬೇರೆಯೇ ಜಾತಿ. ಅದರಲ್ಲಿ ಸಕ್ಕರೆಯೂ ಇದೆ, ತೊಳೆದು ತಿನ್ನಲೂ ಆಗದು. ಮಕ್ಕಳು ಇಷ್ಟಪಡುತ್ತಾರೆ, ಆದರೂ ಅದನ್ನು ಕಾಳಿನ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ವಿಷಯ ಟಿನ್ನಿನ ಒಳಗಿನ ಲೇಪ. ತುಕ್ಕು ಹಿಡಿಯದಿರಲು ಬಳಿಯುವ ಲೇಪದಲ್ಲಿ ಬಿಸ್ಫಿನಾಲ್ ಎ, ಅಂದರೆ ಬಿಪಿಎ, ಅನ್ನುವ ರಾಸಾಯನಿಕ ಇರುತ್ತಿತ್ತು, ಅದು ಸ್ವಲ್ಪ ಆಹಾರಕ್ಕೂ ಇಳಿಯಬಹುದು. ಕೆಲವು ಕಂಪನಿಗಳು ಅದನ್ನು ಬಿಟ್ಟಿವೆ, ಕೆಲವು ಬಿಟ್ಟಿಲ್ಲ. ದಿನಕ್ಕೆ ಇಷ್ಟು ದೇಹ ಸೇರಿದರೆ ತೊಂದರೆ ಇಲ್ಲ ಅನ್ನುವ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಹಿಂದಿನ ಮಿತಿಯ 20,000ದಲ್ಲಿ ಒಂದು ಪಾಲಿಗೆ ಇಳಿಸಿತು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ತಂದು, ಬದಲಾಯಿಸಿಕೊಳ್ಳಲು ಕಂಪನಿಗಳಿಗೆ ಸಮಯ ಕೊಟ್ಟಿದೆ. ಯಾವಾಗಲೋ ಒಮ್ಮೆ ತಿನ್ನುವವರು ಇದಕ್ಕೆ ಹೆದರಿ ಕೂರಬೇಕಾಗಿಲ್ಲ. ದಿನಾ ಟಿನ್ನನ್ನೇ ನಂಬುವುದು ಬೇಡ ಅನ್ನುವುದಕ್ಕೆ, ಅದರಲ್ಲೂ ಬಸುರಿಯರು, ಸಣ್ಣ ಮಕ್ಕಳು ಇರುವ ಮನೆಯಲ್ಲಿ, ಇದೂ ಒಂದು ಕಾರಣ.

ಈಗ ಮನೆಯ ಕಾಳಿಗೆ ಬರೋಣ. ಸಮಯ ಇಲ್ಲ ಅಂದಿರಿ. ನನಗೆ ಅನಿಸುವುದು, ನಿಮಗೆ ಅಡ್ಡ ಬರುತ್ತಿರುವುದು ಬೇಯಿಸುವ ಹೊತ್ತಲ್ಲ, ಹಿಂದಿನ ರಾತ್ರಿ ನೆನೆಹಾಕಲು ನೆನಪಾಗದಿರುವುದು. ಹಾಗಾದರೆ ನೆನೆಹಾಕದೆಯೂ ಬೇಯುವ ಕಾಳಿನಿಂದ ಶುರು ಮಾಡಿ. ಪಚ್ಚೆ ಹೆಸರು ತೊಳೆದು ಕುಕ್ಕರಿಗೆ ಹಾಕಿದರೆ ನೀವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೆಂದಿರುತ್ತದೆ. ಕೇರಳದ ಶಾಲೆಗಳಲ್ಲಿ ಗಂಜಿಯ ಜೊತೆ ವರ್ಷಗಟ್ಟಲೆ ಬಡಿಸಿದ್ದು ಇದೇ ಪಯರು. ಇಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಪ್ರಾಯದವರಿಗೆಲ್ಲ ಅದರ ಪರಿಮಳ ಗೊತ್ತು. ಬೆಂದ ಹೆಸರಿಗೆ ತೆಂಗಿನ ತುರಿ, ಹಸಿಮೆಣಸು, ತೆಂಗಿನೆಣ್ಣೆಯಲ್ಲಿ ಸಾಸಿವೆ ಬೇವಿನ ಒಗ್ಗರಣೆ. ಇದಕ್ಕಿಂತ ಬೇಗ ಆಗುವ ಅಡುಗೆ ಟಿನ್ನಿನಲ್ಲೂ ಇಲ್ಲ.

ಕಡ್ಲೆ, ಅಲಸಂಡೆ ಬೀಜ, ಹುರುಳಿಗೆ ನೆನೆಯಲೇಬೇಕು. ಶನಿವಾರ ರಾತ್ರಿ ಅರ್ಧ ಕಿಲೋ ಕಡ್ಲೆ ನೆನೆಹಾಕಿ. ಭಾನುವಾರ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಇಡಿ. ಹುಣಸೆಹುಳಿ, ಟೊಮೆಟೊ ಬೇಯುವ ಮೊದಲು ಹಾಕಬೇಡಿ, ಹುಳಿ ತಾಗಿದ ಕಾಳು ಬೇಗ ಮೆತ್ತಗಾಗುವುದಿಲ್ಲ. ಬೇಗ ಬೇಯಲಿ ಅಂತ ಸೋಡಾ ಸುರಿದರೆ ಬಿ1 ವಿಟಮಿನ್ ಹಾಳಾಗುತ್ತದೆ. ಬೆಂದದ್ದು ಆರಿದ ಮೇಲೆ ಸಣ್ಣ ಡಬ್ಬಿಗಳಿಗೆ ಹಾಕಿ ಫ್ರೀಜರಿನಲ್ಲಿಡಿ. 100 ಗ್ರಾಂ ಒಣ ಕಡ್ಲೆ ಬೆಂದರೆ ಹೆಚ್ಚು ಕಡಿಮೆ ಒಂದು ಟಿನ್ನಿನಷ್ಟು ಆಗುತ್ತದೆ. ಅರ್ಧ ಕಿಲೋ ಅಂದರೆ ಐದು ಟಿನ್. ಕೇರಳ ಸರಕಾರದ ಮಾವೇಲಿ ಸ್ಟೋರಿನ ಸಬ್ಸಿಡಿ ಪಟ್ಟಿಯಲ್ಲಿ ಕಡ್ಲೆ, ಪಚ್ಚೆ ಹೆಸರು, ವನ್‌ಪಯರ್ (ಕೆಂಪು ಅಲಸಂಡೆ ಬೀಜ) ಎಲ್ಲ ಇವೆ. ಅಲ್ಲಿನ ದರ ನೋಡಿ, ಟಿನ್ನಿನ ದರ ನೋಡಿ, ಲೆಕ್ಕ ನೀವೇ ಹಾಕಿ.

ಎಷ್ಟು ಬೇಯಿಸಿದರೂ ಕಾಳು ಗಟ್ಟಿಯೇ ಇದ್ದರೆ ನಿಮ್ಮ ಕುಕ್ಕರಿನ ದೋಷ ಅಲ್ಲ. ಸೆಕೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳು ಹಾಗೆ ಆಗುತ್ತದೆ. ನಮ್ಮ ಕರಾವಳಿಯ ಹವೆಗೆ ಇದು ಬೇಗ. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ತನ್ನಿ.

ರಾಜ್ಮಾ ಮಾತ್ರ ಜಾಗ್ರತೆ. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಒಂದು ಬಗೆಯ ವಿಷಕಾರಿ ಪ್ರೋಟೀನ್ ಇದೆ, ಅರೆಬೆಂದದ್ದನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆಗಬಹುದು. ಕಡಿಮೆ ಎಂದರೆ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಸಣ್ಣ ಉರಿಯಲ್ಲಿ ಕುದಿ ಬರದೆ ಬೆಚ್ಚಗೆ ಬೇಯಿಸುವುದು ಅಪಾಯ. ಈ ಒಂದು ವಿಷಯದಲ್ಲಿ ಟಿನ್ನಿನ ರಾಜ್ಮಾವೇ ನಿಶ್ಚಿಂತೆ, ಅದು ಪೂರ್ತಿ ಬೆಂದೇ ಬಂದಿರುತ್ತದೆ.

ರುಚಿಯ ಬಗ್ಗೆಯೂ ಹೇಳಬೇಕು. ಟಿನ್ನಿನಲ್ಲಿ ಬರುವುದು ಹೆಚ್ಚಾಗಿ ಬಿಳಿ ಕಡ್ಲೆ, ರಾಜ್ಮಾ, ಬಿಳಿ ಬೀನ್ಸ್, ಅರಬರು ಬೆಳಗ್ಗೆ ತಿನ್ನುವ ಫೂಲ್. ನಮ್ಮ ಹುರುಳಿ ಸಾರಿಗೆ, ಅಲಸಂಡೆ ಗಸಿಗೆ, ಪುಟ್ಟಿನ ಜೊತೆಯ ಕಡ್ಲೆಗೆ ಅವು ಆಗಿ ಬರುವುದಿಲ್ಲ. ಎಳೆ ಹಲಸಿನ ಗುಜ್ಜೆ-ಕಡ್ಲೆ ಮಾಡಿದಾಗ ಕಪ್ಪು ಕಡ್ಲೆ ಗುಜ್ಜೆಯ ಜೊತೆ ಬೆಂದು ಮಸಾಲೆ ಎಳೆದುಕೊಳ್ಳುತ್ತದೆ, ಹಲ್ಲಿಗೆ ಸಿಗುತ್ತದೆ. ಟಿನ್ನಿನದ್ದು ಆಗಲೇ ಮೆತ್ತಗಾಗಿರುತ್ತದೆ. ಅದನ್ನೇ ಹಾಕಬೇಕಾಗಿ ಬಂದರೆ ಗುಜ್ಜೆ ಬೆಂದು ಅರೆದ ಮಸಾಲೆ ಕುದಿ ಬಂದ ಮೇಲೆ, ಕೊನೆಯ ಐದು ನಿಮಿಷಕ್ಕೆ ಹಾಕಿ, ಸೌಟು ಜೋರಾಗಿ ಆಡಿಸಬೇಡಿ. ಸಲಾಡಿಗೆ, ಚಪಾತಿಯ ಜೊತೆ ದಿಢೀರ್ ಗಸಿಗೆ, ಹಮ್ಮುಸ್ ಅರೆಯಲು ಟಿನ್ ಕಡ್ಲೆ ಚೆನ್ನಾಗಿಯೇ ಒಗ್ಗುತ್ತದೆ.

ಮನೆಯಲ್ಲಿರುವ ಟಿನ್‌ಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲೆ ಕೆಳಗೆ ಉಬ್ಬಿದ್ದರೆ, ಎಲ್ಲಾದರೂ ಒಸರಿದ್ದರೆ, ಅಂಚಿನ ಹೊಲಿಗೆಯ ಮೇಲೆಯೇ ನಜ್ಜಾಗಿದ್ದರೆ ತೆರೆಯದೆ ಬಿಸಾಡಿ, ರುಚಿ ನೋಡಲೂ ಹೋಗಬೇಡಿ. ಸಾಮಾನಿನ ಪೆಟ್ಟಿಗೆಯಲ್ಲಿ ಬಂದ ಟಿನ್ನಿಗೆ ಪೆಟ್ಟು ಬೀಳುವುದು ಸಹಜ. ನಡುವಿನಲ್ಲಿ ಸಣ್ಣ ಗುಳಿ ಬಿದ್ದರೆ ಪರವಾಗಿಲ್ಲ. ಮಳೆಗಾಲದ ತೇವಕ್ಕೆ ತಳದಲ್ಲಿ ತುಕ್ಕು ಹತ್ತುತ್ತದೆ, ಒರೆಸಿದರೆ ಹೋಗುವ ತುಕ್ಕಾದರೆ ಸರಿ, ತಗಡನ್ನೇ ತಿಂದಿದ್ದರೆ ಬೇಡ. ತೆರೆದ ಮೇಲೆ ಉಳಿದದ್ದನ್ನು ಟಿನ್ನಿನಲ್ಲೇ ಬಿಡಬೇಡಿ. ಗಾಜಿನ ಅಥವಾ ಸ್ಟೀಲಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಮನೆಯಲ್ಲಿ ಕಿಡ್ನಿ ತೊಂದರೆ ಇರುವವರು ಯಾರಾದರೂ ಇದ್ದರೆ, ಟಿನ್ನಿನದ್ದಾಗಲಿ ಕುಕ್ಕರಿನದ್ದಾಗಲಿ, ಕಾಳು ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನು ಕೇಳಿಯೇ ಬಡಿಸಿ.